ಬೆನ್ನು ತೋರಿಸಿದವನಿಗೇ ಪಾಲು

ಡಿಸ್ಕವರಿ ಗಾರ್ಡನ್ಸ್, ದುಬೈ
೧೫ ಸೆಪ್ಟೆಂಬರ್ ೨೦೧೪, ಸೋಮವಾರ

ಪ್ರೀತಿಯ ಮಗ ರೋಷನ್‌ಗೆ,

ಹೇಗಿದ್ದೀ ಮಗಾ? ಊಟ, ನಿದ್ದೆ ಸರಿ ಉಂಟಾ? ಸ್ಕಾಟ್‌ಲೆಂಡಿನ ಚಳಿ ಮೈಯೊಳಗೆ ಬಂತಾ, ಇಲ್ಲ ಜಾಕೆಟಿನ ಹೊರಗೇ ವೀಸಾಕ್ಕೆ ಕಾಯ್ತಾ ಉಂಟಾ? ನಾನು ಸೌಖ್ಯ. ಆದ್ರೆ ಇಲ್ಲಿಯ ಸುದ್ದಿ ಕೇಳು. ದೀಪ್ತಿ ಇವತ್ತು ಬೆಳಗ್ಗಿಂದ ಆಸ್ಪತ್ರೆಯಲ್ಲಿ. ಅಲ್ ಮುರಕ್ಕಬಾತಿನ ಆ ಕ್ಲಿನಿಕ್ಕಿನ ಒಳಗೆ ಹೋದವಳು ಸಂಜೆವರೆಗೆ ಹೊರಗೆ ಬರ್ಲಿಲ್ಲ. ರಕ್ತ ತೆಗೆದದ್ದೇ ತೆಗೆದದ್ದಂತೆ ಮಾರಾಯ, ಸಿರಿಂಜಿನ ಮೇಲೆ ಸಿರಿಂಜು. ನಿಂತು ಓದ್ತಾ ಇದ್ರೆ ಕೂತ್ಕೋ.

ಕೂತಿಯಾ? ಈಗ ಉಸಿರು ಬಿಡು. ನಿನ್ನ ಹೆಂಡತಿ ಆ ಲ್ಯಾಬಿನಲ್ಲಿ ಆರು ವರ್ಷದಿಂದ ಬೇರೆಯವರ ರಕ್ತ ತೆಗೆದೇ ಸಂಬಳ ತೆಗೊಳ್ಳುವವಳು. ಇವತ್ತೂ ತೆಗೆದಳು, ನಾಳೆಯೂ ತೆಗೀತಾಳೆ. ಈಗ ಅಡುಗೆಮನೆಯಲ್ಲಿ ನೀರ್ದೋಸೆಗೆ ಅಕ್ಕಿ ಕಡೆಯುವ ಶಬ್ದ ಕೇಳ್ತಾ ಉಂಟು, ಆರೋಗ್ಯವಾಗಿ ನನಗೆ ಬೈತಾ ಇದ್ದಾಳೆ. ನಾನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ, ಆದ್ರೆ ನಿನ್ನನ್ನು ಹೆದರಿಸ್ಲಿಕ್ಕೆ ಬೇಕಂತಲೇ ಹಾಗೆ ಬರೆದೆ. ಒಪ್ಪಿಕೊಳ್ತೇನೆ, ತಪ್ಪಾಯ್ತು. ಎಪ್ಪತ್ತೊಂದು ವರ್ಷದ ಚಟ, ಒಂದು ಕಾಗದದ ಮಟ್ಟಿಗೆ ಬಿಡು ಅಂದ್ರೆ ಹೇಗೆ ಬಿಡುವುದು? ಇನ್ನು ಮುಂದಿನದ್ದು ಮಾತ್ರ ತಮಾಷೆ ಅಲ್ಲ. ನಡುವೆ ನಗು ಬಂದ್ರೆ ನಕ್ಕು ಬಿಡು, ಆದ್ರೆ ಕಾಗದ ಮಡಚಿ ಇಡಬೇಡ.

ಕಾಗದ ಯಾಕೆ ಅಂತ ಕೇಳ್ತೀಯಲ್ಲ. ಧಣಿಗಳ ಬೇಟೆಗೆ ಅಂತ ಹೋಗಿ ಕೂತ ಆ ಗುಡ್ಡದ ಬಂಗ್ಲೆಯಲ್ಲಿ ನಿನ್ನ ಮೊಬೈಲಿಗೆ ಸಿಗ್ನಲ್ ಮಾಫಿ, ಇಲ್ಲವೇ ಇಲ್ಲ, ನೀನು ಸಾಮಾನು ತರ್ಲಿಕ್ಕೆ ಪೇಟೆಗೆ ಇಳಿಯುವುದು ಗುರುವಾರಕ್ಕೊಮ್ಮೆ. ಆಗಲೂ ನಾನು ಬಾಯಿ ತೆರೆಯುವಷ್ಟರಲ್ಲಿ, "ಶುರುವಾಯ್ತಾ ಅಪ್ಪಾ ನಿಮ್ಮದು?" ಅಂತ ಫೋನ್ ಇಡ್ತೀ. ಕಾಗದಕ್ಕೆ ಹಾಗೆ ಹೇಳ್ಲಿಕ್ಕೆ ಆಗುವುದಿಲ್ಲ. ನಿಮ್ಮ ಧಣಿ, ಅರ್ಬಾಬ್ ಸೈಫ್‌ನ ಭಾವ ಬುಧವಾರ ಅಲ್ಲಿಗೆ ಹೊರಡ್ತಾನೆ, ಅವನ ಡ್ರೈವರನ ಕೈಯಲ್ಲಿ ಈ ಪಾರ್ಸೆಲು. ಮೊದಲು ಕಾಗದ ಓದು, ಮತ್ತೆ ಪಾರ್ಸೆಲ್ ಬಿಚ್ಚು. ಮನೆಯಲ್ಲಿ ತುಳು ಮಾತಾಡುವ ನಾವು ಬರೆಯುವಾಗ ಕನ್ನಡ ಆಗ್ತೇವೆ, ಅದಕ್ಕೆ ನಾನು ಸ್ವಲ್ಪ ಮೇಷ್ಟ್ರ ಹಾಗೆ ಕಂಡ್ರೆ ಸಹಿಸಿಕೋ. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ನಿನಗೆ ಕೊಡದ ಟಿಕ್ಕು ಈಗ ಕಾಡು ಕೊಟ್ಟಿದೆಯಲ್ಲ, ಆ ವಿಷಯವೇ, ಉಣ್ಣಿಗೂ ಇಂಗ್ಲಿಷಿನಲ್ಲಿ ಟಿಕ್ ಅಂತಲೇ ಹೇಳುವುದಲ್ಲ.

ಹೋದ ಗುರುವಾರ ನೀನು ಫೋನಿನಲ್ಲಿ ಹೇಳಿದ್ದು ನನ್ನ ಕಿವಿಯಲ್ಲೇ ಕೂತಿದೆ. "ಅಪ್ಪಾ, ಸೊಂಟದ ಹಿಂದೆ ಒಂದು ಉಣ್ಣಿ ಕಚ್ಚಿತ್ತು, ನೀವು ಹೇಳಿದ ಹಾಗೇ ತೆಗೆದೆ. ಈಗ ಅಲ್ಲಿ ಕೆಂಪು ಬಳೆ ಹಾಗೆ ಉಂಟು, ಸ್ವಲ್ಪ ದೊಡ್ಡದಾಗ್ತಾ ಉಂಟು. ದೀಪ್ತಿಗೆ ಹೇಳ್ಬೇಡಿ, ಹೆದರ್ತಾಳೆ. ಅರ್ಬಾಬನಿಗಂತೂ ಹೇಳ್ಲೇಬೇಡಿ. ಗೊತ್ತಾದ್ರೆ ಖಲಾಸ್, ಮುಂದಿನ ಫ್ಲೈಟಲ್ಲಿ ನನ್ನನ್ನು ಕಳಿಸಿ ಆಫೀಸಿನ ನಿಹಾಲ್‌ನನ್ನು ಕರೆಸ್ತಾರೆ." ಡಾಕ್ಟರಿಗೆ ತೋರಿಸು ಅಂದೆ, ನೀನು ನಕ್ಕೆ. ನಗದೆ ಎಂತ ಮಾಡ್ತೀ? ಮೊದಲ ಸಲ ವೀಸಾ ಮೆಡಿಕಲ್‌ಗೆ ಹೋಗುವಾಗ "ಅಲ್ಲಿ ಹಲ್ಲು ಎಣಿಸ್ತಾರೆ, ಬಾಯಿ ತೆರೆದೇ ನಿಂತ್ಕೋ" ಅಂದವನು ನಾನೇ. ಪಾಪ, ಕ್ಯೂ ಮುಗಿಯುವವರೆಗೆ ತೆರೆದುಕೊಂಡು ನಿಂತಿದ್ದೀ. ಹಿಂದೆ ನಿಂತ ಮೂರು ಮಂದಿಯೂ ನಿನ್ನನ್ನು ನೋಡಿ ತೆರೆದಿದ್ದರು.

ಈಗ ನನ್ನ ಪಚೀತಿ ನೋಡು. ನೀನು ಹೊರಡುವಾಗ ನನ್ನ ವೀಳ್ಯದ ಪೆಟ್ಟಿಗೆಯಿಂದ ಸುಣ್ಣದ ಡಬ್ಬಿ ತೆಗೆದು ನಿನ್ನ ಬ್ಯಾಗಿಗೆ ಹಾಕಿ, "ಉಣ್ಣಿ ಕಚ್ಚಿದ್ರೆ ಸುಣ್ಣ ಹಚ್ಚು, ಅದರಷ್ಟಕ್ಕೇ ಬಿದ್ದು ಹೋಗ್ತದೆ" ಅಂದೆನಲ್ಲ, ಅದನ್ನು ತಮಾಷೆ ಇಲ್ಲದೆ ಹೇಳಿದ್ದೆ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುವುದು, ಸುಣ್ಣ, ಇಲ್ಲದಿದ್ರೆ ಹೊಗೆಸೊಪ್ಪು, ಇಲ್ಲದಿದ್ರೆ ಚಿಮಿಣಿ ಎಣ್ಣೆ. ನೀನು ನಂಬಿದೆ, ಹಚ್ಚಿದೆ. ಈಗ ಗೊತ್ತಾಯ್ತು, ಅದು ಪೂರ್ತಿ ತಪ್ಪಂತೆ. ಸುಣ್ಣ ಬಿದ್ದ ಕೂಡಲೇ ಉಣ್ಣಿಗೆ ಉಸಿರು ಕಟ್ಟಿ, ಉಂಡದ್ದನ್ನೆಲ್ಲ ನಮ್ಮ ಒಳಗೇ ಕಕ್ಕಿ ಬಿಡ್ತದಂತೆ. ನಾನು ತಪ್ಪು ಹೇಳಿದಾಗ ನಂಬುವವನು ನೀನು, ಸರಿ ಹೇಳಿದಾಗ ನಗುವವನೂ ನೀನು.

ಇದು ಗೊತ್ತಾದದ್ದು ಹೇಗೆ ಅಂತ ಹೇಳ್ತೇನೆ. ನಿನ್ನ ಫೋನ್ ಬಂದ ಮರುದಿನ ಶುಕ್ರವಾರ, ಅಬುಧಾಬಿಯಲ್ಲಿ ಬೇಟೆಯ ಎಕ್ಸಿಬಿಷನ್ ನಡೀತಾ ಇತ್ತು. ಬರ್ ದುಬೈಯ ಟೈಲರ್ ಮೊಯ್ದಿನಬ್ಬನನ್ನು ಜುಮ್ಮಾ ನಮಾಝ್ ಮುಗಿಸಿ ಹೊರಗೆ ಬರುವಲ್ಲೇ ಹಿಡಿದೆ. "ಎಲ್ಲಿಗೆ ಕೊರಗಪ್ಪಣ್ಣ?" ಅಂದ. "ಬೇಟೆಗೆ" ಅಂದೆ. "ಯಾರನ್ನು?" ಅಂತ ಕೇಳಿದನೇ ಹೊರತು ಯಾಕೆ ಅಂತ ಕೇಳ್ಲಿಲ್ಲ, ಬಂದೇ ಬಿಟ್ಟ. ಅಲ್ಲಿ ಗಿಡುಗಗಳೆಲ್ಲ ಟೊಪ್ಪಿ ಹಾಕಿ ಕೂತಿವೆ, ಬಂದೂಕುಗಳಿಗೆ ನಿನ್ನ ಮಗಳು ನಿಖಿತಾಳ ಗೊಂಬೆಗಿಂತ ಚಂದದ ಹಾಸಿಗೆ. ಒಂದು ಮೂಲೆಯಲ್ಲಿ ಜಿಂಕೆ ಬೇಟೆಯ ಬಟ್ಟೆ ಮಾರುವ ಬಿಳಿಯ, ಗಡ್ಡ ಮಾತ್ರ ಕೆಂಪು. ನನ್ನ ಇಂಗ್ಲಿಷು ಹಳೇ ಡ್ರೈವರನದ್ದು, ಅವನದ್ದು ಗುಡ್ಡದವರದ್ದು, ಆದ್ರೂ ಉಣ್ಣಿ ಅಂದ್ರೆ ಅವನಿಗೆ ಪ್ರೀತಿ. ತುರಿಸಿ ತೋರಿಸಿದ ಕೂಡಲೇ ಅರ್ಥ ಆಯ್ತು.

ನಾನು ಇಷ್ಟು ವರ್ಷ ಉಣ್ಣಿ ಮರದಿಂದ ಹಾರಿ ಬೀಳ್ತದೆ ಅಂತಲೇ ತಿಳಿದಿದ್ದೆ. ಇಲ್ಲವಂತೆ ಮಗಾ! ನೀನಿರುವಲ್ಲಿಯ ಉಣ್ಣಿಗೆ ಹಾರ್ಲಿಕ್ಕೂ ಬರುವುದಿಲ್ಲ, ಓಡ್ಲಿಕ್ಕೂ ಬರುವುದಿಲ್ಲ. ಹುಲ್ಲಿನ ತುದಿಗೆ ಹತ್ತಿ ಎದುರಿನ ಎರಡು ಕಾಲು ಚಾಚಿ ನಿಲ್ತದಂತೆ, ಶುಕ್ರವಾರ ಸಂಜೆ ದೇರಾದಲ್ಲಿ ಟ್ಯಾಕ್ಸಿಗೆ ಕೈ ಚಾಚಿ ನಿಂತವರ ಹಾಗೆ. ಜಿಂಕೆ ಬಂದ್ರೆ ಜಿಂಕೆ, ರೋಷನ್ ಬಂದ್ರೆ ರೋಷನ್, ತಾಗಿದ ಕೂಡಲೇ ಹತ್ತಿ ಕೂತ್ಕೊಳ್ತದೆ. ಹತ್ತಿದ ಮೇಲೆ ಮೇಲಕ್ಕೇ ಪ್ರಯಾಣ. ಅದಕ್ಕೇ ಪ್ಯಾಂಟಿನ ಕಾಲನ್ನು ಸಾಕ್ಸಿನ ಒಳಗೆ ತುರುಕಬೇಕು, ಅಂಗಿಯನ್ನು ಪ್ಯಾಂಟಿನ ಒಳಗೆ. ನೋಡುವವರಿಗೆ ಜೋಕರ್ ಹಾಗೆ ಕಾಣ್ತೀ, ಕಾಣ್ಲಿ. ಮತ್ತೆ ಬಿಳಿ ಸಾಕ್ಸೇ ಬೇಕು, ಕಪ್ಪಿನಲ್ಲಿ ಉಣ್ಣಿ ಕಾಣುವುದೇ ಇಲ್ಲ. "ಜಿಂಕೆ ಹೆದರುವುದಿಲ್ಲವಾ ಬಿಳಿ ನೋಡಿ?" ಅಂತ ಮೊಯ್ದಿನಬ್ಬ ಕೇಳಿದ. ಮೇಲಿಂದ ಗಮ್‌ಬೂಟ್ ಹಾಕಿದ್ರೆ ಜಿಂಕೆಗೆ ಎಂತ ಕಾಣ್ತದೆ ಅಂತ ಆ ಕೆಂಪು ಗಡ್ಡದವ ನಕ್ಕ. ಬಟ್ಟೆಗೆ ಹೊಡೆಯುವ ಒಂದು ಸ್ಪ್ರೇ ಕೊಟ್ಟ. ನೆನಪಿಡು, ಅದು ಬಟ್ಟೆಗೆ ಮಾತ್ರ, ಮೈಗಲ್ಲ, ಪೂರ್ತಿ ಒಣಗಿದ ಮೇಲೆ ಹಾಕಿಕೊಳ್ಳುವುದು. ಮೈಗೆ ಬೇರೆ ಕ್ರೀಮ್ ಇಟ್ಟಿದ್ದೇನೆ. "ಹೆಂಡತಿಯ ಅಮ್ಮನನ್ನು ದೂರ ಇಡುವ ಸ್ಪ್ರೇ ಉಂಟಾ?" ಅಂತ ಕೇಳಿದೆ. ಅದು ಬರುವ ವರ್ಷ ಬರ್ತದಂತೆ.

ನಿನ್ನ ಬಳೆಯ ವಿಷಯವನ್ನೂ ಅವನಿಗೆ ಹೇಳಿದೆ, ಹೆಸರು ಹೇಳ್ಲಿಲ್ಲ. ಆಗ ಅವನ ನಗು ನಿಂತಿತು. ಎಷ್ಟು ದಿನ ಆಯ್ತು, ಅಗಲ ಆಗ್ತಾ ಉಂಟಾ, ಜ್ವರ ಉಂಟಾ ಅಂತ ಒಂದರ ಮೇಲೆ ಒಂದು ಕೇಳಿದ. ವ್ಯಾಪಾರ ಮಾಡುವವನು ವ್ಯಾಪಾರ ಬಿಟ್ಟು ಕೇಳಿದ ಮೇಲೆ ನಾನು ಮತ್ತೆ ಅಲ್ಲಿ ನಿಲ್ಲಲಿಲ್ಲ. ಮನೆಗೆ ಬಂದವನೇ ದೀಪ್ತಿಯ ಕ್ಲಿನಿಕ್ಕಿನ ಡಾಕ್ಟರ್ ಎಮಿಲಿಯಾಗೆ ಫೋನ್ ಮಾಡಿದೆ, ಗೆಳೆಯನ ಮಗನಿಗೆ ಅಂತ ಹೇಳಿ. ಅವರು ಹೇಳಿದ್ದು ಇಷ್ಟೇ: ಆ ಬಳೆ ಇದ್ರೆ ಕಾಯ್ಲಿಕ್ಕಿಲ್ಲ, ಅಲ್ಲಿಯ ಡಾಕ್ಟರುಗಳಿಗೆ ಅದು ನೋಡಿದ ಕೂಡಲೇ ಗೊತ್ತಾಗ್ತದೆ. ಬೇಗ ತೋರಿಸಿದ್ರೆ ಗುಳಿಗೆಯಲ್ಲಿ ಹೋಗ್ತದೆ. ಬಿಟ್ರೆ ಮುಂದೆ ಗಂಟಿಗೆ, ನರಕ್ಕೆ ಇಳೀತದಂತೆ. "ಗೆಳೆಯನ ಮಗನಾ, ಅಂಕಲ್?" ಅಂತ ಎರಡು ಸಲ ಕೇಳಿದರು. ನಿನ್ನ ಮಾತು ಉಳಿಸಿದೆ, ಹೌದು ಅಂದೆ.

ಆದ್ರೂ ನನಗೆ ಕುತೂಹಲ ತಡೀಲಿಲ್ಲ. ಆ ಸ್ಪ್ರೇ ನಿಜವಾಗಿ ಕೆಲಸ ಮಾಡ್ತದಾ? ಮರುದಿನ ಶನಿವಾರ ಅಲ್ ವತ್ಬಾದ ಒಂಟೆ ಫಾರ್ಮಿಗೆ ಹೋದೆ, ಸೈಫ್‌ನ ಅಮ್ಮ ಉಮ್ ಸೈಫ್ ಅವರದ್ದು. ಅರ್ಬಾಬನ ಅಮ್ಮ ಈಗಲೂ ವಾರಕ್ಕೊಮ್ಮೆ ಒಂಟೆ ನೋಡ್ಲಿಕ್ಕೆ ಬರ್ತಾರೆ, ಅವರ ಹಳೇ ಡ್ರೈವರ್ ಅಂತ ನನಗೂ ಗೇಟು ತೆರೀತಾರೆ. ಒಂಟೆ ನೋಡುವವನು ಒಂದು ಉಣ್ಣಿಯನ್ನು ಖಾಲಿ ವಿಕ್ಸ್ ಬಾಟ್ಲಿಗೆ ಹಾಕಿ ಕೊಟ್ಟ. ಮನೆಯ ಬಾಲ್ಕನಿಯಲ್ಲಿ ದೊಡ್ಡ ತಟ್ಟೆಗೆ ನೀರು ತುಂಬಿಸಿ, ನಡುವೆ ಬಟ್ಟಲು ಕವುಚಿ, ಅದರ ಮೇಲೆ ಅದನ್ನು ಬಿಟ್ಟೆ. ಅಯ್ಯಬ್ಬ! ನಿಮ್ಮಲ್ಲಿಯದ್ದು ಕಾದು ನಿಲ್ಲುವ ಜಾತಿಯಾದ್ರೆ ಇಲ್ಲಿಯದ್ದು ಓಡಿ ಬರುವ ಜಾತಿ. ನನ್ನ ಕೈ ಎಲ್ಲಿ ಹೋದ್ರೂ ಅಲ್ಲಿಗೇ ಮುಖ ಮಾಡಿ ಓಡ್ತದೆ. ಮರುಭೂಮಿಯಲ್ಲಿ ಕಾದು ನಿಂತ್ರೆ ಯಾರು ಬರ್ತಾರೆ ಹೇಳು, ಕೆಲಸ ಹುಡುಕಿಕೊಂಡು ನಾವೇ ಓಡಬೇಕಲ್ಲ, ಅದಕ್ಕೂ ಗಲ್ಫಿನ ಬುದ್ಧಿ ಬಂದಿದೆ. ಕಾಲಿಗೆ ಪಟ್ಟೆ ಪಟ್ಟೆ ಬೇರೆ. ನಿಖಿತಾ ಬಗ್ಗಿ ನೋಡಿ, "ಅಜ್ಜಾ, ಇಟ್ಸ್ ವೇರಿಂಗ್ ಸಾಕ್ಸ್!" ಅಂದಳು. ನಿನ್ನ ಮಗಳ ಕಣ್ಣು ಚುರುಕು ಮಾರಾಯ.

ನಿನ್ನ ಹಳೇ ಕಪ್ಪು ಸಾಕ್ಸ್ ಇಟ್ಟೆ, ಹತ್ತಿತು, ಕಣ್ಣಿಗೆ ಮಾಯ. ಬಿಳಿಯದ್ದು ಇಟ್ಟೆ, ಹತ್ತಿತು, ಎದ್ದು ಕಂಡಿತು. ಸ್ಪ್ರೇ ಹೊಡೆದು ಒಣಗಿಸಿದ್ದು ಇಟ್ಟೆ, ನಾಲ್ಕು ಹೆಜ್ಜೆ ಹೋಗಿ ಕಾಲು ಎತ್ತಿ ಎತ್ತಿ ಇಡ್ಲಿಕ್ಕೆ ಶುರು ಮಾಡಿತು, ಆಗಸ್ಟ್ ಮಧ್ಯಾಹ್ನ ಪಾರ್ಕಿಂಗಿನಲ್ಲಿ ಬರಿಗಾಲಲ್ಲಿ ನಡೆಯುವವನ ಹಾಗೆ. ಮತ್ತೆ ಕವುಚಿ ಬಿದ್ದೇ ಬಿಟ್ಟಿತು. ನಾನು ಚಪ್ಪಾಳೆ ಹೊಡೆಯುವಾಗಲೇ ದೀಪ್ತಿ ಡ್ಯೂಟಿ ಮುಗಿಸಿ ಬಂದಳು. "ಮಾವಾ, ತಟ್ಟೆಯಲ್ಲಿ ಎಂತದು?" "ನಿನ್ನ ಕೆಲಸದವನೇ ಮಗಳೇ, ರಕ್ತ ತೆಗೆಯುವವನು." ಅವಳು ಕಿರುಚಿದ ಶಬ್ದಕ್ಕೆ ಕೆಳಗಿನ ಮನೆಯವರು ಮೇಲೆ ಬಂದರು. ಕೈಯಲ್ಲಿ ಹಿಸುಕಬಾರದಂತೆ, ಹಾಗಾಗಿ ಅವಳೇ ಸ್ಪಿರಿಟ್ಟಿನಲ್ಲಿ ಮುಳುಗಿಸಿದಳು. "ಇದೆಲ್ಲ ಈಗ ಯಾಕೆ ಮಾವಾ?" ಅಂತ ಕೇಳಿದಳು. ಹೊತ್ತು ಹೋಗಬೇಕಲ್ಲ ಅಂದೆ. ನಂಬಿದಳು, ನನ್ನ ಹೆಸರು ಅಷ್ಟು ಒಳ್ಳೆಯದುಂಟು.

ನೀನು ಮೊಬೈಲಿನಲ್ಲಿ ಕಳಿಸಿದ ಫೋಟೋವನ್ನು ದೀಪ್ತಿ ಗೋಡೆಗೆ ಹಾಕಬೇಕು ಅಂತಾಳೆ. ಹಿಂದೆ ತೂಗು ಹಾಕಿದ ಕೊಂಬಿನ ಜಿಂಕೆ, ಎದುರು ಹುಲ್ಲಿನ ಮೇಲೆ ನೀನು, ಸ್ನಾನ ಮುಗಿಸಿ ಚೌಕುಳಿ ಲುಂಗಿ ಕಟ್ಟಿ ಚಾ ಕುಡಿಯುವುದು. ಅವಳಿಗೆ ಗಂಡ ಕಂಡ, ನನಗೆ ಲುಂಗಿ ಕಂಡಿತು. ದಿನವಿಡೀ ಬೂಟು, ಪ್ಯಾಂಟು, ಕೈಗವಸು ಎಲ್ಲ ಹಾಕಿ ಕಾಡು ಸುತ್ತಿ, ಸಂಜೆಗೆ ನಾವು ನಮ್ಮೂರಿನವರು ಮಾಡುವುದೇ ಇದು, ಲುಂಗಿ ಕಟ್ಟಿ ನೆಲಕ್ಕೆ ಕೂತ್ಕೊಳ್ಳುವುದು. ಜಿಂಕೆ ಸತ್ತು ಮೈ ತಣಿದ ಮೇಲೆ ಅದರ ಮೇಲಿನ ಉಣ್ಣಿಗಳೆಲ್ಲ ಹೊಸ ಮನೆ ಹುಡುಕ್ತವಂತೆ. ನೀನು ಅಲ್ಲೇ ಕೆಳಗೆ ನಾಲ್ಕೂ ದಿಕ್ಕಿನ ಬಾಗಿಲು ತೆರೆದ ಫ್ಲ್ಯಾಟು ಕಟ್ಟಿ ಕೂತಿದ್ದೀ, ಬಾಡಿಗೆಯೂ ಇಲ್ಲ, ಡೆಪಾಸಿಟ್ಟೂ ಇಲ್ಲ! ಜಿಂಕೆಯನ್ನು ಹೆಗಲಿಗೆ ಹಾಕ್ಲಿಕ್ಕಿಲ್ಲ, ತೂಗು ಹಾಕಿದ ಕಡೆ ಕೂತ್ಕೊಳ್ಲಿಕ್ಕಿಲ್ಲ, ಬಂದ ಕೂಡಲೇ ಬಟ್ಟೆ ಬದಲಿಸಿ ಸ್ನಾನ, ಆ ಬಟ್ಟೆ ಬಿಸಿ ಡ್ರಯರಿಗೆ. ಕಂಕುಳು, ತೊಡೆಸಂದಿ, ಮೊಣಕಾಲಿನ ಹಿಂದೆ, ಕಿವಿಯ ಹಿಂದೆ ಕೈಯಾಡಿಸಿ ನೋಡು. ಸಿಕ್ಕಿದ್ರೆ ಪಾರ್ಸೆಲಿನಲ್ಲಿರುವ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೆಟ್ಟಗೆ, ನಿಧಾನಕ್ಕೆ ಎಳಿ. ತಿರುಪಬೇಡ. ಸುಣ್ಣದ ಡಬ್ಬಿ ಬಿಸಾಡು. ಬೆನ್ನು ಮಾತ್ರ ನಿನಗೆ ಕಾಣುವುದಿಲ್ಲ, ಅದಕ್ಕೆ ಇನ್ನೊಬ್ಬ ಬೇಕು.

ಅದು ಬರೆಯುವಾಗ ಬಜಗೋಳಿಯ ಚಾಮರಾಜ ಹೆಗ್ಡೆಯವರ ನೆನಪಾಯ್ತು. ನಾನು ಮೀಸೆ ಬರುವ ಪ್ರಾಯದಲ್ಲಿ ಅವರ ಬೇಟೆಗೆ ಡಬ್ಬ ಬಡಿಯಲಿಕ್ಕೆ ಹೋಗ್ತಿದ್ದೆ, ನಾವು ಬೊಬ್ಬೆ ಹೊಡೆದು ಎಬ್ಬಿಸುವುದು, ಅವರು ಬಂದೂಕು ಹಿಡಿದು ಕಾಯುವುದು. ಆಗ ಬೇಟೆ ಬೇಡ ಅನ್ನುವ ಕಾನೂನು ಇರ್ಲಿಲ್ಲ. ಕಾಡಿನಿಂದ ಇಳಿದ ಮೇಲೆ ಮಾಂಸ ಪಾಲು ಮಾಡುವ ಮೊದಲು ಎಲ್ಲರೂ ಬಂಡೆಯ ಮೇಲೆ ಸಾಲಾಗಿ ಕೂತ್ಕೊಳ್ಳಬೇಕು, ಅಂಗಿ ತೆಗೆದು, ಒಬ್ಬನ ಬೆನ್ನನ್ನು ಹಿಂದಿನವನು ನೋಡಬೇಕು, ಮಂಗಗಳ ಹಾಗೆ. ಬೆನ್ನು ತೋರಿಸಿದವನಿಗೇ ಪಾಲು. ಯುದ್ಧದಲ್ಲಾದ್ರೆ ಹೇಡಿ, ನಮ್ಮಲ್ಲಿ ಅವನಿಗೇ ತೊಡೆ ಮಾಂಸ ಅಂತ ನಾನು ಆಗಲೇ ಹೇಳ್ತಿದ್ದೆ. ಮೊದಲು ಅಂಗಿ ತೆಗೆಯುವುದು ಹೆಗ್ಡೆಯವರೇ. ಬಂದೂಕು ಅವರದ್ದು, ಗುಡ್ಡ ಅವರದ್ದು, ಆದ್ರೂ ಡಬ್ಬ ಬಡಿಯುವ ನನಗೆ ಬೆನ್ನು ಕೊಟ್ಟು, "ಸರಿಯಾಗಿ ನೋಡು ಮಾರಾಯ, ಬಿಟ್ರೆ ನಿನ್ನನ್ನು ಬಿಡ್ಲಿಕ್ಕಿಲ್ಲ" ಅಂತಿದ್ದರು. ಧಣಿಯೇ ಅಂಗಿ ತೆಗೆದ ಮೇಲೆ ಉಳಿದವರಿಗೆ ಎಂತ ನಾಚಿಕೆ? ಸುಣ್ಣ ಹಚ್ಚುವುದೊಂದನ್ನು ಬಿಟ್ರೆ ಅವರು ಮಾಡ್ತಿದ್ದದ್ದೆಲ್ಲ ಸರಿಯಾಗಿತ್ತು.

ನಿಮ್ಮ ಕ್ಯಾಂಪಿನಲ್ಲಿ ಎಂಟು ಮಂದಿ, ಎಂಟು ಬೆನ್ನು, ಒಬ್ಬನಿಗೂ ಇನ್ನೊಬ್ಬನ ಬೆನ್ನು ಗೊತ್ತಿಲ್ಲ. ನೀನು ಕೆಲಸ ಹೋಗ್ತದೆ ಅಂತ ಅಂಗಿ ಕೆಳಗೆ ಎಳೆದುಕೊಂಡು ಓಡಾಡ್ತಾ ಇದ್ದೀ. ಮಗಾ, ಆ ಕೆಲಸ ನಿನಗೆ ಎಷ್ಟು ಆಸೆಯದ್ದು ಅಂತ ನನಗೆ ಗೊತ್ತುಂಟು. ಆದ್ರೆ ಗಂಟಿಗೆ, ನರಕ್ಕೆ ಇಳಿದ ಮೇಲೆ ಯಾವ ಅರ್ಬಾಬನ ಕೆಲಸ ಮಾಡ್ತೀ? ಈ ಒಂದು ಸಲ ನನ್ನನ್ನು ನಂಬು.

ಮೊಯ್ದಿನಬ್ಬ ಸಲಾಂ ಹೇಳಿದ್ದಾನೆ, ಅವನ ಹೆಂಡತಿ ಝುಲೈಖ ನಿನಗೆ ಗೋಳಿಬಜೆ ಮಾಡಿಕೊಡ್ತೇನೆ ಅಂದಿದ್ದಾಳೆ, ಬಂದ ಮೇಲೆ. ನಿಖಿತಾ ನಿನಗೊಂದು ಜಿಂಕೆ ಚಿತ್ರ ಬಿಡಿಸಿದ್ದಾಳೆ, ನಾಲ್ಕು ಕಾಲಿಗೂ ಬಿಳಿ ಸಾಕ್ಸು. ದೈವ ದೇವರುಗಳು ನಿನ್ನ ಎದುರಿನಿಂದ ಕಾಯ್ಲಿ, ಬೆನ್ನಿನ ಕಡೆ ನೋಡ್ಲಿಕ್ಕೆ ಮನುಷ್ಯರು ಇದ್ದೇವೆ.

ನಿನ್ನ ಅಪ್ಪ,
ಕೊರಗಪ್ಪ

ತಾ.ಕ.: ಪಾರ್ಸೆಲ್ ಇವತ್ತೇ ತೆಗೊಂಡು ಹೋಗ್ಲಿಕ್ಕೆ ಬಂದ ಡ್ರೈವರ್ ಕೆಳಗೆ ಹಾರ್ನ್ ಹೊಡೀತಾ ಇದ್ದಾನೆ, ಬೇಗ ಬರೀತೇನೆ. ಪಾರ್ಸೆಲಿನ ಅಡಿಯಲ್ಲಿ ಲುಂಗಿ ಬಟ್ಟೆಯದ್ದೇ ಎರಡು ಪಾಯಿಜಾಮ ಉಂಟು. ನೀನು ಬಿಟ್ಟು ಹೋದ ಲುಂಗಿಗಳನ್ನೇ ಮೊಯ್ದಿನಬ್ಬ ಕತ್ತರಿಸಿ ಕಾಲಿಗೆ ಇಲಾಸ್ಟಿಕ್ ಹಾಕಿ ಹೊಲಿದದ್ದು, ಬೈಯ್ಯಬೇಡ. ಅದಲ್ಲ ಮುಖ್ಯ. ಈ ಕಾಗದ ನಿನಗೆ ಗುರುವಾರ ಸಿಗ್ತದೆ. ಶುಕ್ರವಾರ ನಮಾಝ್ ಆದ ಮೇಲೆ ಸೈಫ್ ಸಿಗ್ನಲ್ ಸಿಗುವ ಗುಡ್ಡದ ತುದಿಗೆ ಹತ್ತಿ ಅವನ ಅಮ್ಮನಿಗೆ ಫೋನ್ ಮಾಡ್ತಾನಲ್ಲ, ಪ್ರತಿ ವಾರದ ಹಾಗೆ. ಆವತ್ತು ಅವನಿಗೆ ಒಂದು ಅಪ್ಪಣೆ ಆಗ್ಲಿಕ್ಕುಂಟು: ಇನ್ನು ಮೇಲೆ ಬೇಟೆಯಿಂದ ಬಂದವರೆಲ್ಲ ಸಾಲಾಗಿ ಕೂತು ಬೆನ್ನು ತೋರಿಸದೆ ಕ್ಯಾಂಪಿನಲ್ಲಿ ಒಬ್ಬನಿಗೂ ಒಂದು ತುಂಡು ಮಾಂಸ ಇಲ್ಲ, ಮೊದಲು ಅಂಗಿ ತೆಗೆಯುವುದು ಸೈಫ್, ಅವನ ಬೆನ್ನು ನೋಡುವುದು ನೀನು, ನಿನ್ನ ಬೆನ್ನು ನೋಡುವುದು ಅವನು. ಅಮ್ಮ ಹೇಳಿದ್ದನ್ನು ಅವನು ಹುಟ್ಟಿದಂದಿನಿಂದ ತಪ್ಪಿಸಿಲ್ಲ, ನಾನು ಶಾಲೆಗೆ ಬಿಟ್ಟ ಹುಡುಗ, ನನಗೆ ಗೊತ್ತುಂಟು. ಹಾಗಾಗಿ ನಿನಗೆ ಇರುವುದು ಗುರುವಾರ ಒಂದೇ. ನೀನೇ ಹೋಗಿ ಹೇಳಿದ್ರೆ ಅದು ನಿನ್ನ ಮರ್ಯಾದೆ, ಶುಕ್ರವಾರ ಕಂಡುಬಂದ್ರೆ ನನ್ನ ಮರ್ಯಾದೆಯೂ ಹೋಗ್ತದೆ. ಅವನ ಅಮ್ಮನಿಗೆ ಹೇಗೆ ಗೊತ್ತಾಯ್ತು ಅಂತ ಕೇಳ್ತೀಯಾ? ಶನಿವಾರ ಫಾರ್ಮಿನಲ್ಲಿ ವಿಕ್ಸ್ ಬಾಟ್ಲಿ ಹಿಡಿದು ನಿಂತವನನ್ನು ನೋಡಿ ಉಮ್ ಸೈಫ್ ಕೇಳಿದರು, "ಕೋರಾ, ಇಷ್ಟು ವರ್ಷದಲ್ಲಿ ನಿನ್ನ ಮುಖ ನಗದೆ ಇದ್ದದ್ದು ನಾನು ನೋಡ್ಲಿಲ್ಲ, ಎಂತ ಆಯ್ತು?" ಹೇಳಿದೆ. ಇದೂ ನಿನ್ನ ತಮಾಷೆಯಾ ಅಂತಲೂ ಕೇಳ್ಲಿಲ್ಲ ಅವರು, ನಂಬಿದರು. ಮದ್ದು ತಿನ್ನುವವನನ್ನು ಕೆಲಸದಿಂದ ತೆಗೆಯುವಷ್ಟು ಕೆಟ್ಟ ಮಗನನ್ನು ನಾನು ಹೆತ್ತಿಲ್ಲ ಅಂದರು. ನೀನು ದೀಪ್ತಿಗೆ ಹೇಳ್ಬೇಡಿ ಅಂದೆ, ಹೇಳ್ಲಿಲ್ಲ. ಅರ್ಬಾಬನಿಗೆ ಹೇಳ್ಬೇಡಿ ಅಂದೆ, ಹೇಳ್ಲಿಲ್ಲ. ಅರ್ಬಾಬನ ಅಮ್ಮನಿಗೆ ಹೇಳ್ಬೇಡಿ ಅಂತ ನೀನು ಹೇಳಿರ್ಲಿಲ್ಲ ಮಗಾ. ಬೇಕಂತಲೇ ಹೇಳಿದೆ. ಈ ಸಲ ನಾನು ತಮಾಷೆಗಲ್ಲದೆ ಮಾಡಿದ್ದು ಅದೊಂದೇ.